ತೂತುಗಲ್ಲಿನ ಆಚೆ

ಹಿಂದೂಪುರ
9 ಜನವರಿ 2006

ಪೆದ್ದಣ್ಣ ಮಾವನವರಿಗೆ ಉಮಾದೇವಿಯ ನಮಸ್ಕಾರ.

ಇವಳು ಯಾರೆಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ನಾರಮ್ಮನ ಮಗಳು. ನಿಮ್ಮ ಅಜ್ಜಿ ಓಬಮ್ಮನವರು ಹೆಣ್ಣುಮಕ್ಕಳ ಓದಿಗೆಂದು ಬಿಟ್ಟುಕೊಟ್ಟ ಹೊಲವಿದೆಯಲ್ಲ, ಅದರ ಗುತ್ತಿಗೆ ದುಡ್ಡಿನಲ್ಲಿ ಓದಿದ ಮೊದಲ ಹುಡುಗಿ. ಟ್ರಸ್ಟಿನ ರಿಜಿಸ್ಟರಿನಲ್ಲಿ ಒಂದನೇ ನಂಬರು ನನ್ನದೇ, 1957ನೇ ಇಸವಿ. ಲೆಕ್ಕದ ಟೀಚರಾಗಿ ಸೇರಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದೆ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಹಾಗಾಗಿ ಓಬಮ್ಮ ವಿದ್ಯಾ ಟ್ರಸ್ಟಿಗೆ ನನ್ನನ್ನೇ ಕಾರ್ಯದರ್ಶಿ ಮಾಡಿ ಕೂರಿಸಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಲೇಪಾಕ್ಷಿ ರಸ್ತೆಯ ಆ ಎರಡು ಎಕರೆ ಮೂವತ್ತು ಸೆಂಟಿನಲ್ಲಿ ಬೆಳೆಯುವ ಕಡಲೆಕಾಯಿ ಈಗ ನಾಲ್ಕು ಹುಡುಗಿಯರ ಪುಸ್ತಕಕ್ಕೂ ಸಾಲದು. ರಸ್ತೆ ಪಕ್ಕದ ಜಾಗವೆಂದು ಅದರ ಬೆಲೆ ಮಾತ್ರ ದಿನಕ್ಕೊಂದು ಥರ ಏರುತ್ತಿದೆ. ಇತ್ತ ಹಿಂದೂಪುರದ ಹೆಣ್ಣುಮಕ್ಕಳ ಸ್ಕೂಲಿಗೆ ಅಂಟಿಕೊಂಡಂತೆ ಕೊಟ್ಟೂರಪ್ಪನವರದ್ದು ಒಂದು ಎಕರೆ ಇದೆ, ಒಂದು ಹಳೇ ರೇಷ್ಮೆ ಶೆಡ್ ಸಮೇತ. ಎಕರೆಗೆ ಎಕರೆ ಬದಲು ಮಾಡಿಕೊಳ್ಳಲು ಅವರು ಒಪ್ಪಿದ್ದಾರೆ. ಉಳಿದ ಒಂದು ಎಕರೆ ಮೂವತ್ತನ್ನು ಬಹಿರಂಗ ಹರಾಜಿನಲ್ಲಿ ಮಾರಿ, ಆ ಹಣದಲ್ಲಿ ಅಲ್ಲಿ ಹುಡುಗಿಯರ ಹಾಸ್ಟೆಲ್ ಕಟ್ಟುವುದು. ರೊದ್ದಂ, ಚಿಲಮತ್ತೂರು, ಲೇಪಾಕ್ಷಿ ಕಡೆಯ ಹುಡುಗಿಯರು ಹತ್ತನೇ ಕ್ಲಾಸಿಗೇ ನಿಂತುಹೋಗುತ್ತಿದ್ದಾರೆ ಮಾವ. ಮಗಳು ಸಂಜೆ ಬಸ್ಸು ತಪ್ಪಿಸಿಕೊಂಡರೆ ಏನು ಗತಿ ಎಂಬ ಒಂದೇ ಭಯ ಸಾಕು ತಂದೆತಾಯಿಗೆ.

ಮೇಲಿನ ಅನುಮತಿ ಬಂದಿದೆ. ಒಂದೇ ಬಾಕಿ. ದಾನಪತ್ರದಲ್ಲಿ 'ಮುಂದೆ ಈ ಭೂಮಿಗೆ ಏನೇ ಮಾಡುವುದಿದ್ದರೂ ನಮ್ಮ ವಂಶದ ಹಿರಿಯರ ಒಪ್ಪಿಗೆ ಇರತಕ್ಕದ್ದು' ಎಂದು ನಿಮ್ಮ ಅಜ್ಜಿ ಬರೆಸಿದ್ದಾರೆ. ಈಗ ಆ ಹಿರಿಯರು ನೀವೇ. ಒಪ್ಪಿಗೆ ಪತ್ರ ಇದರೊಳಗಿದೆ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿರುವ ಕಡೆ ಸಹಿ ಮಾಡಿ ಕಳಿಸಿ. ಕೊಟ್ಟೂರಪ್ಪನವರು ನಿನ್ನೆ ಹೇಳಿದ್ದು ಹೀಗೆ: "ಉಗಾದಿ ಗಂಟ ಕಾಯ್ತೀನಿ ಕಣಮ್ಮ. ಆಮ್ಯಾಕೆ ನನ್ ಮಕ್ಳು ಕಲ್ಯಾಣ ಮಂಟಪದೋರಿಗೆ ಕೊಟ್ಬುಡ್ತಾರೆ. ನನ್ನ ಅನ್ನಬ್ಯಾಡ."

ನಿಮ್ಮ ಸಹಿಯ ದಾರಿ ನೋಡುತ್ತಿರುವ
ಉಮಾದೇವಿ

ಕಲ್ಯಾಣದುರ್ಗ
24 ಜನವರಿ 2006

ಚಿ. ಉಮಾದೇವಿಗೆ ಪೆದ್ದಣ್ಣನ ಆಶೀರ್ವಾದ.

ನಾರಮ್ಮನ ಮಗಳನ್ನು ಮರೆಯುವಷ್ಟು ಮುದುಕನಾಗಿಲ್ಲ. ನಮ್ಮ ಎಮ್ಮೆ ಕಂಡರೆ ಕಿರುಚಿಕೊಂಡು ಓಡುತ್ತಿದ್ದವಳು ನೀನೇ ತಾನೇ? ನಾನು ಆ ಎಮ್ಮೆಗಳ ಜೊತೆಗೇ ಬದುಕಿದವನು. ಇಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಮೂವತ್ತೇಳು ವರ್ಷ.

ಹಾಸ್ಟೆಲ್ ವಿಚಾರ ಕೇಳಿ ಎದೆ ಉಬ್ಬಿತು. ಓದಿಗೆ ಹೊಲ ಮಾರುವುದು ನಮ್ಮ ಮನೆಗೆ ಹೊಸದಲ್ಲ. 1979ರಲ್ಲಿ ನಿಮ್ಮ ಟ್ರಸ್ಟಿನ ಹೊಲಕ್ಕೆ ಒತ್ತಿಕೊಂಡಿದ್ದ ನಮ್ಮ ನಾಲ್ಕು ಎಕರೆ ಮಾರಿ ಮಗಳು ಅಮೃತಾಳನ್ನು ಮೆಡಿಕಲ್‌ಗೆ ಸೇರಿಸಿದಾಗ ಊರೆಲ್ಲ ನಕ್ಕಿತ್ತು. ಇವತ್ತು ಬಂದು ನೋಡು. ಬಸ್‌ಸ್ಟ್ಯಾಂಡಿನಲ್ಲಿ 'ಡಾಕ್ಟರಮ್ಮನ ಮನೆ' ಎಂದರೆ ಸಾಕು, ಆಟೋದವನು ಬಾಗಿಲಿಗೇ ತಂದು ಬಿಡುತ್ತಾನೆ. ನಮ್ಮ ಊರ ಕಡೆಯೇ ಸ್ವಂತ ಆಸ್ಪತ್ರೆ ಕಟ್ಟಬೇಕೆಂದು ಲೇಪಾಕ್ಷಿ ರಸ್ತೆಯಲ್ಲಿ ಐವತ್ತು ಸೆಂಟು ಜಾಗವನ್ನೂ ತೆಗೆದಿಟ್ಟಿದ್ದಾಳೆ. ನನ್ನ ಹೊಲ, ನನ್ನ ಮಗಳು. ಒಬ್ಬರ ಮುಂದೆ ಕೈಚಾಚಲಿಲ್ಲ, ಒಬ್ಬರದ್ದು ಒಂದು ಕಡ್ಡಿ ಮುಟ್ಟಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಸಹಿ ಹಾಕುತ್ತೇನೆ. ಅದಕ್ಕೆ ಮುಂಚೆ ಅಜ್ಜಿಯ ದಾನಪತ್ರದ್ದೊಂದು ಜೆರಾಕ್ಸ್ ಕಳಿಸು. ಅದು ಬರೆದಾಗ ನನಗೆ ಏಳು ವರ್ಷ. ಒಮ್ಮೆ ಓದುವ ಆಸೆ, ಅಷ್ಟೇ.

ಪೆದ್ದಣ್ಣ

ಹಿಂದೂಪುರ
30 ಜನವರಿ 2006

ಮಾವ,

ಎಮ್ಮೆ ವಿಚಾರ ಕಾಗದದಲ್ಲಿ ಬರೆಯುವುದೇ? ಕಮಿಟಿಯವರ ಮುಂದೆ ನನ್ನ ಮರ್ಯಾದೆ ಏನಾಗಬೇಕು!

ಜೆರಾಕ್ಸ್ ಇಟ್ಟಿದ್ದೇನೆ. 1941ರ ಕಾಗದ, ಮಡಿಕೆಯಲ್ಲಿ ಹರಿದಿದೆ, ಆದರೂ ಅಕ್ಷರ ಮುತ್ತಿನಂತಿದೆ. ಮಧುಗಿರಿ ಕಡೆಯಿಂದ ಬಂದಿದ್ದ ನಿಮ್ಮ ಅಜ್ಜಿಯ ತಮ್ಮನವರು ಬರೆದದ್ದಂತೆ, ಹೌದೇ? ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದ ಹಣದಲ್ಲಿ ಕೊಂಡ ಹೊಲವನ್ನು ಅಕ್ಷರ ಬಾರದ ಹೆಂಗಸು ಊರ ಹೆಣ್ಣುಮಕ್ಕಳ ಅಕ್ಷರಕ್ಕೆ ಬರೆದುಕೊಟ್ಟಳು. 

ಆ ಹೊಲ ಗುತ್ತಿಗೆಗೆ ಮಾಡುತ್ತಿರುವ ನಾರಪ್ಪನಿಗೂ ಹೇಳಿದೆ. ಹೊಲ ಬಿಡಬೇಕಾಗುತ್ತದೆ ಎನ್ನಲು ಬಾಯಿ ಬರಲಿಲ್ಲ. ಅವನೇ ಅಂದ: "ನನ್ ಮೊಮ್ಮಗ್ಳು ಹರಿತಾ ಈ ವರ್ಷ ಟೆಂತು ಕಣಮ್ಮ. ಹಾಸ್ಟೆಲ್ ಆದ್ರೆ ಓದ್ತಾಳೆ, ಇಲ್ದಿದ್ರೆ ಅವ್ರಪ್ಪ ಜೂನ್‌ಗೆ ಮದ್ವೆ ಮಾಡ್ಬುಡ್ತಾನೆ. ಹೊಲ ತಗಂಡು ಏನ್ ಮಾಡ್ಲಿ? ನೀ ಕಟ್ಟು."

ಸಹಿ ಬೇಗ ಬರಲಿ.

ಉಮಾ

ಹಿಂದೂಪುರ
22 ಫೆಬ್ರವರಿ 2006

ಮಾವನವರಿಗೆ,

ಮೂರು ವಾರವಾಯಿತು. ಪೋಸ್ಟ್‌ಮ್ಯಾನ್ ಈಗ ನನ್ನ ಮುಖ ನೋಡಿಯೇ ದೂರದಿಂದ ತಲೆ ಆಡಿಸುತ್ತಾನೆ. ಮೈಯಲ್ಲಿ ಹುಷಾರಿದ್ದೀರಾ? ಜೆರಾಕ್ಸ್ ಸಿಕ್ಕಿತೇ? ಎರಡು ಸಲ ಫೋನ್ ಮಾಡಿದರೆ 'ಅಪ್ಪ ಹೊರಗೆ ಹೋಗಿದ್ದಾರೆ' ಎಂದರು ಡಾಕ್ಟರಮ್ಮ. ಉಗಾದಿಗೆ ಇನ್ನು ಐದು ವಾರ.

ಉಮಾದೇವಿ

ಕಲ್ಯಾಣದುರ್ಗ
27 ಫೆಬ್ರವರಿ 2006

ಉಮಾದೇವಿಗೆ,

ಹುಷಾರಾಗಿದ್ದೇನೆ. ಜೆರಾಕ್ಸ್ ತಲುಪಿದೆ.

ಒಂದು ಕೆಲಸ ಮಾಡು. ಹೊಲದ ಮೂಡಲ ಗಡಿಯಲ್ಲಿ ಒಂದು ತೂತುಗಲ್ಲು ಇತ್ತು. ಎತ್ತಿನ ಹಗ್ಗ ಕಟ್ಟಲು ನೆಟ್ಟಿದ್ದ, ಸೊಂಟದೆತ್ತರದ ಕಲ್ಲು. ಅದು ಈಗ ಎಲ್ಲಿದೆ ಎಂದು ನಾರಪ್ಪನನ್ನು ಕೇಳು. ಟ್ರಸ್ಟಿನ ಹೊಲದ ಬೇಲಿಯಿಂದ ಅಲ್ಲಿಗೆ ಎಷ್ಟು ದೂರ ಎಂದು ಅವನ ಕೈಲೇ ಅಳೆಸು. ಬೇರೆ ಯಾರೂ ಬೇಡ.

ಸಹಿ ವಿಚಾರ ಆಮೇಲೆ.

ಪೆದ್ದಣ್ಣ

ಹಿಂದೂಪುರ
6 ಮಾರ್ಚ್ 2006

ಪೆದ್ದಣ್ಣನವರಿಗೆ,

ನೀವು ಹೇಳಿದಂತೆ ಮಾಡಿದೆ. ಈ ಬಿಸಿಲಿನಲ್ಲಿ ನಾರಪ್ಪನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಅವನು ಕತ್ತಾಳೆ ಬೇಲಿ ದಾಟಿ, ಪಕ್ಕದ ಹುಣಸೆಹಣ್ಣಿನ ಗೋಡೌನಿನ ಕಾಂಪೌಂಡಿನೊಳಗೆ ನುಗ್ಗಿ, ವಾಚ್‌ಮ್ಯಾನ್ ಹತ್ತಿರ ತೆಲುಗಿನಲ್ಲಿ ಬೈಸಿಕೊಂಡು, ಕೊನೆಗೆ ಲಾರಿ ನಿಲ್ಲಿಸುವ ಕಡೆ ಒಂದು ಕಲ್ಲು ತೋರಿಸಿದ. ಬೇಲಿಯಿಂದ ಅಲ್ಲಿಗೆ ಅರವತ್ತು ಹೆಜ್ಜೆ! "ಇದೇ ಕಣಮ್ಮ ಗಡಿ. ಇಲ್ಲೀಗಂಟ ಸ್ಕೂಲಿಂದು ಅಂತ ನಮ್ಮಪ್ಪ ಹೇಳ್ತಿದ್ದ," ಎಂದು ಕಲ್ಲಿನ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟ. ಪಾಪ, ವಯಸ್ಸಾಯಿತು, ಅರಳುಮರಳು. ನಮ್ಮ ದಾಖಲೆ ಪ್ರಕಾರ ಬೇಲಿಯೇ ಗಡಿ.

ಈಗ ಒಂದು ಮಾತು ನೇರವಾಗಿ ಕೇಳುತ್ತೇನೆ. ಕಲ್ಲು, ಬೇಲಿ, ಜೆರಾಕ್ಸ್ ಎಂದು ದಿನ ತಳ್ಳುತ್ತಿರುವುದು ಯಾಕೆ? ಕೊಟ್ಟೂರಪ್ಪನವರು 'ರೇಟು ಏರೈತಲ್ಲ, ಮಾವನೋರಿಗೂ ಆಸೆ ಹುಟ್ಟಿರಬೇಕು' ಎಂದಾಗ ನಾನು ಅವರ ಮೇಲೆ ರೇಗಿದೆ. ಈಗ ನನಗೇ ಅನುಮಾನ. ಹಾಸ್ಟೆಲಿನ ಬೋರ್ಡಿನಲ್ಲಿ ಅಜ್ಜಿಯ ಹೆಸರಿನ ಕೆಳಗೆ ನಿಮ್ಮ ಹೆಸರೂ ಬೇಕಿದ್ದರೆ ಹೇಳಿಬಿಡಿ, ಬರೆಸುತ್ತೇವೆ. ಒಂದು ಹುಡುಗಿಯ ಬದುಕಿಗಿಂತ ಅದು ದೊಡ್ಡದಲ್ಲ.

ಉಮಾದೇವಿ, ಕಾರ್ಯದರ್ಶಿ

ಕಲ್ಯಾಣದುರ್ಗ
14 ಮಾರ್ಚ್ 2006

ಉಮಾ,

ಬೋರ್ಡಿನ ಮಾತು ಓದಿ ಮೈ ಉರಿದುಹೋಯಿತು. ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಮೂರನೇ ದಿನ ಗೊತ್ತಾಯಿತು, ಸಿಟ್ಟು ನಿನ್ನ ಮೇಲಲ್ಲ.

ನಾರಪ್ಪನಿಗೆ ಅರಳುಮರಳಲ್ಲ. ಅವನು ಹೇಳಿದ್ದೇ ಸರಿ.

ದಾನಪತ್ರ ಬರೆದ ಅಜ್ಜಿಯ ತಮ್ಮ ಮೈಸೂರು ಸೀಮೆಯವನು. ಅಲ್ಲಿ ಎಕರೆಗೆ ನಲವತ್ತು ಗುಂಟೆ. ನಮ್ಮ ಕಡೆ ಎಕರೆಗೆ ನೂರು ಸೆಂಟು. ಅವನು '೨–೩೦' ಎಂದು ಬರೆದಾಗ ಅವನ ಲೆಕ್ಕದಲ್ಲಿದ್ದದ್ದು ಎರಡು ಎಕರೆ ಮೂವತ್ತು ಗುಂಟೆ. ನಮ್ಮ ಕಡೆಯ ಯಾವನೋ ಗುಮಾಸ್ತ ಅದನ್ನು ಸೆಂಟು ಎಂದು ದಾಖಲೆಗೆ ಏರಿಸಿದ. ಮೂವತ್ತು ಗುಂಟೆ ಎಂದರೆ ಎಪ್ಪತ್ತೈದು ಸೆಂಟು. ನೀನು ಲೆಕ್ಕದ ಟೀಚರು. ಟ್ರಸ್ಟಿನ ಹೊಲದಲ್ಲಿ ನಲವತ್ತೈದು ಸೆಂಟು ನಮ್ಮ ಕಡೆ ಉಳಿದುಬಿಟ್ಟಿತು. ಅಜ್ಜಿ ಹೋದ ಮೇಲೆ ನಮ್ಮಪ್ಪ ದಾಖಲೆ ನೋಡಿಕೊಂಡು ಕತ್ತಾಳೆ ಬೇಲಿ ಹಾಕಿದ. ಅವನಿಗೆ ಗೊತ್ತಿತ್ತೋ ಇಲ್ಲವೋ, ಇನ್ನು ಯಾರನ್ನು ಕೇಳಲಿ?

ಆದರೆ ನನಗೆ ಗೊತ್ತಾಗಬೇಕಿತ್ತು. ಅಜ್ಜಿ ಆ ತೂತುಗಲ್ಲಿನ ಹತ್ತಿರ ನನ್ನನ್ನು ನಿಲ್ಲಿಸಿ ಹೇಳುತ್ತಿದ್ದಳು: "ಈಚೆ ನಮ್ದು ಕಣ್ಲಾ. ಕಲ್ಲಿನ ಆಚೆ ಓದೋ ಮಕ್ಳದು. ಆಚೆ ಕೈ ಇಕ್ಕಬ್ಯಾಡ." ಆಚೆಯಿಂದ ಒಂದು ಹಿಡಿ ಅಣ್ಣೆಸೊಪ್ಪನ್ನೂ ಕಿತ್ತವಳಲ್ಲ. ನಮ್ಮ ಕರು ಕಲ್ಲು ದಾಟಿ ಹೋಗಿ ಮೇಯ್ದರೆ, ಆ ಸಂಜೆಯೇ ಒಂದು ಬೊಗಸೆ ರಾಗಿ ತೆಗೆದುಕೊಂಡು ಹೋಗಿ ಸ್ಕೂಲಿನ ಮೇಷ್ಟರಿಗೆ ತಪ್ಪುದಂಡ ಕಟ್ಟಿ ಬರುತ್ತಿದ್ದಳು. ನಾನು ನೌಕರಿಯಿಂದ ರಜೆಗೆ ಬಂದಾಗ ಆ ಕಲ್ಲು ನಮ್ಮ ಬೇಲಿಯ ಒಳಗೆ ನಿಂತಿದ್ದನ್ನು ನೋಡಿದೆ. ನೋಡಿಯೂ ಕೇಳಲಿಲ್ಲ. 1979ರಲ್ಲಿ ನಾಲ್ಕು ಎಕರೆ ಎಂದು ಮಾರಿದೆನಲ್ಲ, ಅದರೊಳಗೆ ಈ ನಲವತ್ತೈದು ಸೆಂಟೂ ಹೋಯಿತು.

ಒಬ್ಬರದ್ದು ಒಂದು ಕಡ್ಡಿ ಮುಟ್ಟಲಿಲ್ಲ ಎಂದು ನಿನಗೆ ಬರೆದವನು ನಾನು. ನಿನ್ನ ಒಪ್ಪಿಗೆ ಪತ್ರದಲ್ಲಿ 'ನಮ್ಮ ಅಜ್ಜಿ ದಾನ ಕೊಟ್ಟ ಪೂರ್ತಿ ಭೂಮಿ 2 ಎಕರೆ 30 ಸೆಂಟು' ಎಂದಿದೆ. ಅದಕ್ಕೆ ಹೇಗೆ ಸಹಿ ಹಾಕಲಿ? ಹಾಕಿದರೆ ಅದು ಸುಳ್ಳು. ಹಾಕದಿದ್ದರೆ ಹರಿತಾಗೆ ಮದುವೆ. ಅಮೃತಾಗೆ ಹೇಳಲು ನನಗೆ ಧೈರ್ಯವಿಲ್ಲ. ಅಪ್ಪ ಸ್ವಂತ ಹೊಲ ಮಾರಿ ಓದಿಸಿದ ಎಂದು ಅವಳು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಪೆದ್ದಣ್ಣ

ಹಿಂದೂಪುರ
18 ಮಾರ್ಚ್ 2006

ಮಾವ,

ಹಿಂದಿನ ಕಾಗದವನ್ನು ಹರಿದು ಹಾಕಿಬಿಡಿ. ತಪ್ಪಾಯಿತು. ನಾರಪ್ಪನ ಹತ್ತಿರವೂ ಹೋಗಿ ತಪ್ಪಾಯಿತು ಎಂದೆ. ಅವನಿಗೆ ನಾನು ಏನು ಅಂದುಕೊಂಡಿದ್ದೆ ಎಂದೇ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ನಾನೂ ನಿಮ್ಮಿಂದ ಒಂದು ಮುಚ್ಚಿಟ್ಟಿದ್ದೆ. ನಿಮಗೆ ಮೊದಲ ಕಾಗದ ಹಾಕುವ ಮುಂಚೆಯೇ ಹನ್ನೆರಡು ಹುಡುಗಿಯರ ಮನೆಗೆ ಹೋಗಿ ಜೂನಿಗೆ ಹಾಸ್ಟೆಲ್ ತೆರೆಯುತ್ತದೆ ಎಂದು ಮಾತು ಕೊಟ್ಟಿದ್ದೆ. ಓಬಮ್ಮನವರ ಮೊಮ್ಮಗ ತಡ ಮಾಡಬಹುದು ಎಂದು ಕನಸಿನಲ್ಲೂ ಹೊಳೆದಿರಲಿಲ್ಲ. ನಿಮ್ಮ ಮೇಲೆ ಹರಿಹಾಯ್ದದ್ದು ಅರ್ಧ ನನ್ನ ಭಯಕ್ಕೆ.

ಈಗ ನನ್ನ ಮಾತು ಕೇಳಿ. ಆ ನಲವತ್ತೈದು ಸೆಂಟಿನ ಮೇಲೆ ಗೋಡೌನು ನಿಂತಿದೆ. ಕೊಂಡವರ ತಪ್ಪಿಲ್ಲ. ನೀವೂ ಬೇಕೆಂದು ಮಾಡಿದ್ದಲ್ಲ. ಇದು ಗೊತ್ತಿರುವುದು ನಮಗಿಬ್ಬರಿಗೆ ಮತ್ತು ನಾರಪ್ಪನಿಗೆ. ಕಮಿಟಿಯಲ್ಲಿ ನಾನು ಬಾಯಿ ಬಿಡುವುದಿಲ್ಲ. ಅಮೃತಾಗೆ ಹೇಳಬೇಡಿ, ಆ ಮಗುವಿನ ಹೆಮ್ಮೆಯನ್ನು ಯಾಕೆ ಕೆಡಿಸಬೇಕು? ಕಣ್ಣು ಮುಚ್ಚಿ ಸಹಿ ಹಾಕಿ ಕಳಿಸಿಬಿಡಿ ಮಾವ. ಉಗಾದಿ 30ನೇ ತಾರೀಖು.

ನಿಮ್ಮ ಉಮಾ

ಕಲ್ಯಾಣದುರ್ಗ
24 ಮಾರ್ಚ್ 2006

ಉಮಾ,

ಈ ಕಾಗದವನ್ನು ಆಸ್ಪತ್ರೆಯ ಕಾರಿನಲ್ಲೇ ಕಳಿಸುತ್ತಿದ್ದೇನೆ, ಪೋಸ್ಟನ್ನು ನಂಬಲಿಲ್ಲ.

ನಿನ್ನ ಮಾತು ಕೇಳಲಿಲ್ಲ. ಅಮೃತಾಗೆ ಹೇಳಿದೆ. ಹೆರಿಗೆ ಮುಗಿಸಿ ಬಂದು ಕೈ ತೊಳೆಯುತ್ತಿದ್ದಳು. ಜೆರಾಕ್ಸ್ ಮುಂದೆ ಹಿಡಿದು ಎಲ್ಲವನ್ನೂ ಹೇಳಿ, ಅಪರಾಧಿಯ ಹಾಗೆ ನಿಂತೆ. ಅಳುತ್ತಾಳೆ ಅಂದುಕೊಂಡಿದ್ದೆ. ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದು ನಕ್ಕಳು. "ಹಂಗಾದ್ರೆ ಅಪ್ಪಾ, ನಾನೂ ಮುತ್ತಜ್ಜಿ ಟ್ರಸ್ಟಲ್ಲೇ ಓದಿದೋಳು! ಇದ್ನ ಹೇಳೋಕೆ ಇಷ್ಟು ದಿವ್ಸ ಊಟ ಬಿಟ್ಟಿದ್ಯಾ?"

ಆಮೇಲೆ ಕೈ ಒರೆಸಿಕೊಂಡು ಕೂತಳು. ಜೆರಾಕ್ಸನ್ನು ಮಡಿಸುತ್ತಾ ಅಂದಳು: "ಈಗ ಹೆರಿಗೆ ಆಯ್ತಲ್ಲ, ಅವ್ಳಿಗೆ ಇನ್ನೂ ಹದಿನೇಳು. ಕಾಲೇಜಲ್ಲಿ ಇರ್ಬೇಕಾದೋಳು. ಆಸ್ಪತ್ರೆ ಬಾಡ್ಗೆ ಬಿಲ್ಡಿಂಗಲ್ಲೂ ನಡೀತೈತೆ ಅಪ್ಪ. ಆ ಲೇಪಾಕ್ಷಿ ರೋಡಿನ ಜಾಗ ಟ್ರಸ್ಟಿಗೆ ಬರೆದುಬುಡಾಣ."

ನಿನ್ನದು ಐವತ್ತು ಸೆಂಟು ಕಣಮ್ಮ, ಕೊಡಬೇಕಾದದ್ದು ನಲವತ್ತೈದು ಎಂದೆ. ಪೂರ್ತಿ ಹೋಗಲಿ ಎಂದಳು. ಉಳಿದ ಐದು ಸೆಂಟು ಯಾತಕ್ಕೆ ಎಂದು ನಿಮ್ಮ ಕಮಿಟಿಯವರು ಕೇಳಿದರೆ ಹೇಳು: ಕರು ಕಲ್ಲು ದಾಟಿದ್ದಕ್ಕೆ ಒಂದು ಬೊಗಸೆ ರಾಗಿ.

ಒಪ್ಪಿಗೆ ಪತ್ರ ಇದರೊಳಗಿದೆ. ಟೈಪು ಮಾಡಿದ ಸಾಲು ಹೊಡೆದುಹಾಕಿ ನನ್ನ ಕೈಯಾರೆ ಬರೆದಿದ್ದೇನೆ: 'ನಮ್ಮ ಅಜ್ಜಿ ಓಬಮ್ಮ ಕೊಟ್ಟದ್ದು ಎರಡು ಎಕರೆ ಮೂವತ್ತು ಗುಂಟೆ. ಅದರಲ್ಲಿ ನಲವತ್ತೈದು ಸೆಂಟು ನಮ್ಮ ಮನೆಯಿಂದ ತಪ್ಪಿಹೋಗಿತ್ತು. ಈಗ ಬೇರೆ ಕಡೆ ತುಂಬಿಕೊಡುತ್ತಿದ್ದೇವೆ. ಬದಲು ಮಾಡಲು, ಮಾರಲು, ಹೆಣ್ಣುಮಕ್ಕಳಿಗೆ ಮನೆ ಕಟ್ಟಲು ಪೂರ್ಣ ಒಪ್ಪಿಗೆ.' ಇದನ್ನು ಕಮಿಟಿಯಲ್ಲಿ ಗಟ್ಟಿಯಾಗಿ ಓದು, ಮುಚ್ಚಿಡಬೇಡ. ಎಪ್ಪತ್ತೆರಡು ವರ್ಷದಲ್ಲಿ ನನ್ನ ಸಹಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ಬೋರ್ಡಿನಲ್ಲಿ ನನ್ನ ಹೆಸರು ಬರೆಸಿದರೆ ಬಂದು ನಾನೇ ಅಳಿಸುತ್ತೇನೆ. ಅಮೃತಾಗೆ ಮಾತ್ರ ಒಂದು ಆಸೆಯಿದೆಯಂತೆ. ದಾನಿಗಳ ಪಟ್ಟಿ ಬೇಡ, ಓದಿದವರ ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆಯುತ್ತೀಯಾ ಎಂದು ಕೇಳಿದ್ದಾಳೆ.

ಪೆದ್ದಣ್ಣ

ಹಿಂದೂಪುರ
20 ಜೂನ್ 2006

ಪೆದ್ದಣ್ಣ ಮಾವನವರಿಗೆ,

ಮೂರು ತಿಂಗಳು ಕಾಗದ ಬರೆಯದೆ ಇದ್ದದ್ದಕ್ಕೆ ಬೈಯಬೇಡಿ, ಕೈಯಲ್ಲಿ ಸುಣ್ಣದ ಬ್ರಷ್ ಇತ್ತು.

ಉಗಾದಿಯ ಹಿಂದಿನ ದಿನ ಕೊಟ್ಟೂರಪ್ಪನವರ ಮನೆಗೆ ಹೋಗಿ ನಿಮ್ಮ ಸಾಲುಗಳನ್ನು ಅವರ ಮಕ್ಕಳ ಮುಂದೆಯೇ ಓದಿದೆ. ಓದಿ ಮುಗಿಸಿದಾಗ ಅವರು ಎದ್ದು ನಿಂತು, "ನಾ ಏನೋ ಅಂದ್ಬುಟ್ಟಿದ್ದೆ, ಮಾವನೋರಿಗೆ ಹೇಳ್ಬ್ಯಾಡ ತಾಯಿ," ಎಂದರು. ಹೇಳಿಬಿಟ್ಟಿದ್ದೇನೆ ಎಂದೆ. ಏಪ್ರಿಲ್‌ನಲ್ಲಿ ಬದಲಿ ರಿಜಿಸ್ಟರಾಯಿತು. ಹರಾಜಿನಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಬಂತು, ಅಮೃತಾ ಕೊಟ್ಟ ಜಾಗ ಮಾರಿದ ಹಣವೂ ಸೇರಿ ಇನ್ನೊಂದು ಅಂತಸ್ತಿಗೂ ಸಾಕು. ಪಾಯ ತೆಗೆಯುತ್ತಿದ್ದಾರೆ. ಅಲ್ಲಿಯವರೆಗೆ ಆ ರೇಷ್ಮೆ ಶೆಡ್ಡಿಗೇ ಸುಣ್ಣ ಬಳಿದು, ಕಿಟಕಿಗೆ ಜಾಲರಿ ಹಾಕಿಸಿ, ಹನ್ನೆರಡು ಮಂಚ ಹಾಕಿದ್ದೇವೆ. ಕೊಟ್ಟ ಮಾತು ಉಳಿಯಿತು. ಹರಿತಾ ಮೊನ್ನೆ ಟ್ರಂಕು ಹೊತ್ತುಕೊಂಡು ಬಂದಳು. ನಾರಪ್ಪ ಗೋಡೌನಿನವರನ್ನು ಕಾಡಿ ಬೇಡಿ ಆ ತೂತುಗಲ್ಲನ್ನು ಎತ್ತಿನಗಾಡಿಯಲ್ಲಿ ತಂದು ಹಾಸ್ಟೆಲಿನ ಗೇಟಿನ ಹತ್ತಿರ ನೆಟ್ಟಿದ್ದಾನೆ. "ಇನ್ನ ಇದ್ರಾಚೆ ಎಲ್ಲಾ ಮಕ್ಳದೇ," ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಈಗ ರಿಜಿಸ್ಟರಿನ ವಿಚಾರ. ನನ್ನ ಸರ್ವೀಸಿನಲ್ಲಿ ಒಂದು ರಿಜಿಸ್ಟರನ್ನೂ ತಿದ್ದಿದವಳಲ್ಲ. ಮೊದಲ ಸಲ ತಿದ್ದಿದೆ. 1979ರ ಪುಟ ತೆಗೆದು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಸಹಿ ಹಾಕಿದೆ: 'ಅಮೃತಾ, ಎಂ.ಬಿ.ಬಿ.ಎಸ್.' ಅದರ ಮುಂದೆ 'ಪೋಷಕರು' ಎಂಬ ಕಾಲಂ ಇದೆ. ನಿಮ್ಮ ಹೆಸರು ಬರೆಯಲು ಪೆನ್ನು ಇಟ್ಟವಳು ಹಾಗೇ ನಿಂತೆ. ಕೊನೆಗೆ 'ಓಬಮ್ಮ' ಎಂದು ಬರೆದೆ. ಸಿಟ್ಟಾಗಬೇಡಿ ಮಾವ. ಒಂದನೇ ನಂಬರಿನ ಮುಂದೆಯೂ ಆ ಕಾಲಂ ಇಷ್ಟು ವರ್ಷ ಖಾಲಿಯೇ ಇತ್ತು, ನಮ್ಮಪ್ಪ ನಾನು ಹುಟ್ಟುವ ಮುಂಚೆಯೇ ಹೋಗಿದ್ದ. ಅಲ್ಲಿಯೂ ಅದೇ ಹೆಸರು ಬರೆದುಕೊಂಡೆ.

ಉಮಾ

ಕಲ್ಯಾಣದುರ್ಗ
27 ಜೂನ್ 2006

ಉಮಾ,

ಸಿಟ್ಟಿಲ್ಲ. ನಿನ್ನ ಕಾಗದವನ್ನು ಅಮೃತಾ ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಓದಿ ಹೇಳಿದಳು, ನಾನು ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. ಆ ಪುಟದ್ದೊಂದು ಜೆರಾಕ್ಸ್ ಕಳಿಸು. ಈ ಸಲ ತಡ ಮಾಡುವುದಿಲ್ಲ. ಕನ್ಸಲ್ಟಿಂಗ್ ರೂಮಿನಲ್ಲಿ ಅವಳ ಡಿಗ್ರಿ ಸರ್ಟಿಫಿಕೇಟು ತೂಗುಹಾಕಿದೆಯಲ್ಲ, ಅದರ ಪಕ್ಕಕ್ಕೆ ನಾನು ಮೊಳೆ ಹೊಡೆದು ಇಟ್ಟಿದ್ದೇನೆ.

ಪೆದ್ದಣ್ಣ
ಓಬಮ್ಮನ ಮೊಮ್ಮಗ